ಗಡಿ ದಾಟಿ ಬಂದ ಜೀಪು



ನಮ್ಮ ಕಣಿವೆಯಲ್ಲಿ ಬೆಳಗಿನ ಜಾವ ಎದ್ದು ಕಂಬಂಮೆಟ್ಟು, ಕುಮಳಿ ಅಥವಾ ಬೋಡಿಮೆಟ್ಟು ರಸ್ತೆಯ ಬದಿಗೆ ನಿಂತರೆ ಸಾಲುಸಾಲಾಗಿ ಜೀಪುಗಳು ಮಲೆ ಹತ್ತುವುದು ಕಾಣುತ್ತದೆ. ಏಲಕ್ಕಿ ತೋಟದ ಕೂಲಿಗೆ ಹೋಗುವ ಹೆಣ್ಣುಮಕ್ಕಳು ಬುತ್ತಿ ಕಟ್ಟಿಕೊಂಡು ಒಬ್ಬರಿಗೊಬ್ಬರು ಒತ್ತಿಕೊಂಡು ಕುಳಿತಿರುತ್ತಾರೆ. ಸಂಜೆ ಅದೇ ಜೀಪು ಅವರನ್ನು ಊರಿಗೆ ಇಳಿಸುತ್ತದೆ. ನಮ್ಮ ಚಿನ್ನಮನೂರಿನಿಂದ ಮೇಘಮಲೈ ಕಡೆಯ ಟೀ ತೋಟಗಳಿಗೂ ಬಹುಕಾಲ ಜೀಪೇ ಆಧಾರವಾಗಿತ್ತು. ಎತ್ತಿನ ಗಾಡಿಯಷ್ಟೇ ಅದು ನಮ್ಮ ಸ್ವಂತದ್ದಾಗಿಬಿಟ್ಟಿದೆ.

ಆದರೆ ಜೀಪು ಹುಟ್ಟಿದ್ದು ನಮ್ಮಲ್ಲಿ ಅಲ್ಲ. ಬೇರೆ ದೇಶದ ರಸ್ತೆಗಾಗಿ, ಬೇರೆ ಕಾನೂನಿಗೆ ತಕ್ಕಂತೆ ಮಾಡಿದ ಗಾಡಿ ಅದು. ಹಿರಿಯರಿಗೆ ನೆನಪಿರಬಹುದು, ಹಳೆಯ ಜೀಪುಗಳ ಹಿಂಬದಿಯಲ್ಲಿ ದೊಡ್ಡ ಅಕ್ಷರದಲ್ಲಿ 'ಲೆಫ್ಟ್ ಹ್ಯಾಂಡ್ ಡ್ರೈವ್' ಎಂದು ಬಣ್ಣದಲ್ಲಿ ಬರೆದಿರುತ್ತಿದ್ದರು. ಅಂಥ ಗಾಡಿಯಲ್ಲಿ ಸ್ಟೇರಿಂಗು ಎಡಭಾಗಕ್ಕೆ ಇರುತ್ತಿತ್ತು. ಬಸ್ಸು, ಲಾರಿ, ಕಾರು ಎಲ್ಲದರಲ್ಲೂ ಚಾಲಕ ಬಲಗಡೆ ಕುಳಿತರೆ, ಈ ಜೀಪಿನವನು ಮಾತ್ರ ಎಡಗಡೆ ಏಕೆ ಕುಳಿತ? ಈ ಒಂದು ಪ್ರಶ್ನೆಯನ್ನು ಹಿಡಿದು ಹೊರಟರೆ ಒಂದು ದೇಶದ ವಾಹನ ಇನ್ನೊಂದು ದೇಶಕ್ಕೆ ಬಂದಾಗ ಏನೇನಾಗುತ್ತದೆ ಎಂಬ ಇತಿಹಾಸವೇ ತೆರೆದುಕೊಳ್ಳುತ್ತದೆ. ಇಂದಿನ ಭಾಷಣದಲ್ಲಿ ಅದನ್ನು ತಮ್ಮ ಮುಂದಿಡುತ್ತೇನೆ.

ಎರಡನೆಯ ಮಹಾಯುದ್ಧದ ಕಾಲ. 1940ರಲ್ಲಿ ಅಮೆರಿಕದ ಸೈನ್ಯಕ್ಕೆ ಹಗುರವಾದ, ನಾಲ್ಕು ಚಕ್ರಕ್ಕೂ ಎಂಜಿನಿನ ಶಕ್ತಿ ಹೋಗುವ, ಕೆಸರು ಗುಡ್ಡ ಎನ್ನದೆ ನುಗ್ಗುವ ಒಂದು ಸಣ್ಣ ಗಾಡಿ ಬೇಕಾಯಿತು. ಬ್ಯಾಂಟಮ್ ಎಂಬ ಕಂಪನಿ ಮೊದಲ ಮಾದರಿಯನ್ನು ಮಾಡಿಕೊಟ್ಟಿತು. ಆಮೇಲೆ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಯುದ್ಧ ಮುಗಿಯುವುದರೊಳಗೆ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. ಅಮೆರಿಕದಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಓಡುತ್ತವೆ. ಎದುರಿನಿಂದ ಬರುವ ಗಾಡಿ ಕಾಣಬೇಕಾದರೆ ಚಾಲಕ ರಸ್ತೆಯ ನಡುಭಾಗದ ಕಡೆಗೆ, ಅಂದರೆ ಗಾಡಿಯ ಎಡಭಾಗದಲ್ಲಿ ಕುಳಿತಿರಬೇಕು. ಆದ್ದರಿಂದ ಜೀಪಿಗೆ ಎಡ ಸ್ಟೇರಿಂಗು.

ಬ್ರಿಟಿಷರ ಆಳ್ವಿಕೆಯಲ್ಲಿದ್ದ ನಮ್ಮ ದೇಶದಲ್ಲಿ ಅವರ ಪದ್ಧತಿಯಂತೆ ಎಡಬದಿಯ ಸಂಚಾರ. ನಮ್ಮಲ್ಲಿ ಚಾಲಕ ಬಲಗಡೆ ಕುಳಿತರೇನೇ ಅನುಕೂಲ. ಇಂದಿಗೂ ಜಗತ್ತಿನ ಜನರಲ್ಲಿ ಸುಮಾರು ಮೂರನೇ ಒಂದು ಪಾಲು ಜನ ಮಾತ್ರ ಎಡಬದಿಯ ದೇಶಗಳಲ್ಲಿದ್ದಾರೆ. ಭಾರತ, ಶ್ರೀಲಂಕಾ, ಬ್ರಿಟನ್, ಜಪಾನ್, ಆಸ್ಟ್ರೇಲಿಯಾ, ಇಂಡೋನೇಷ್ಯಾ ಮುಂತಾದವು ಈ ಗುಂಪಿನವು.

ಯುದ್ಧದ ವೇಳೆ ಅಮೆರಿಕದ ಪಡೆಗಳು ಅಸ್ಸಾಂ ಮತ್ತು ಬರ್ಮಾ ಗಡಿಯಲ್ಲಿ ಬೀಡುಬಿಟ್ಟಿದ್ದವು. ಅವರೊಂದಿಗೆ ಜೀಪುಗಳೂ ಬಂದವು. 1945ರಲ್ಲಿ ಯುದ್ಧ ಮುಗಿದ ಮೇಲೆ ಅವನ್ನೆಲ್ಲ ಹಡಗಿಗೆ ಹೇರಿ ವಾಪಸು ಒಯ್ಯುವುದಕ್ಕಿಂತ ಇಲ್ಲಿಯೇ ಮಾರುವುದು ಲಾಭವೆನಿಸಿತು. 'ಡಿಸ್ಪೋಸಲ್' ಮಾಲು ಎಂಬ ಹೆಸರಿನಲ್ಲಿ ಅವು ಖಾಸಗಿಯವರ ಕೈಸೇರಿದವು. ಸರಿಯಾದ ರಸ್ತೆಯಿಲ್ಲದ ಮಲೆಸೀಮೆಯ ತೋಟಗಳಿಗೆ ಇದಕ್ಕಿಂತ ತಕ್ಕ ಗಾಡಿ ಇನ್ನೊಂದಿರಲಿಲ್ಲ.

ಅದೇ 1945ರಲ್ಲಿ ಆರಂಭವಾದ ಒಂದು ಕಂಪನಿ ಮುಂದೆ ಮಹೀಂದ್ರ ಅಂಡ್ ಮಹೀಂದ್ರ ಎಂದು ಹೆಸರಾಯಿತು. 1947ರಲ್ಲಿ ಅದು ವಿಲ್ಲಿಸ್ ಜೀಪನ್ನು ಭಾರತಕ್ಕೆ ತಂದಿತು. ಮೊದಲು ಬಿಡಿಭಾಗಗಳನ್ನು ತರಿಸಿ ಮುಂಬಯಿಯಲ್ಲಿ ಜೋಡಿಸುತ್ತಿದ್ದರು, ಬರಬರುತ್ತಾ ಭಾಗಗಳನ್ನೂ ಇಲ್ಲಿಯೇ ಮಾಡತೊಡಗಿದರು. ಭಾಗಗಳೂ ಅಚ್ಚುಗಳೂ ಅಮೆರಿಕದವು. ಹೀಗಾಗಿ ಆರಂಭದ ವರ್ಷಗಳಲ್ಲಿ ನಮ್ಮ ದೇಶದಲ್ಲಿ ಜೋಡಿಸಿದ ಜೀಪುಗಳಲ್ಲಿಯೂ ಸ್ಟೇರಿಂಗು ಎಡಕ್ಕೇ ಇತ್ತು. ಹಿಂಬದಿಯಲ್ಲಿ 'ಲೆಫ್ಟ್ ಹ್ಯಾಂಡ್ ಡ್ರೈವ್' ಎಂದು ಬರೆಯುವ ಪದ್ಧತಿ ಹೀಗೆ ಬಂತು. ಹಿಂದೆ ಬರುವವನಿಗೆ ಅದೊಂದು ಎಚ್ಚರಿಕೆ. "ನನ್ನ ಚಾಲಕ ಎಡಗಡೆ ಇದ್ದಾನೆ, ಅವನ ಕೈಸನ್ನೆ ನಿನಗೆ ಕಾಣುವುದಿಲ್ಲ, ಜೋಪಾನ" ಎಂಬುದು ಅದರ ತಾತ್ಪರ್ಯ.

ಕೈಸನ್ನೆಯ ಮಾತು ಸಣ್ಣದೆಂದು ಭಾವಿಸಬಾರದು. ಇಂಡಿಕೇಟರ್ ದೀಪಗಳು ಸಾಮಾನ್ಯವಾಗುವ ಮೊದಲು ಬಲಕ್ಕೆ ತಿರುಗುವವನು ಬಲಗೈ ಹೊರಚಾಚಿ ತೋರಿಸಬೇಕಿತ್ತು. ಎಡಗಡೆ ಕುಳಿತವನು ಬಲಗೈ ಚಾಚಿದರೆ ಅದು ಪಕ್ಕದಲ್ಲಿ ಕುಳಿತವನಿಗೆ ತಗುಲುತ್ತದೆಯೇ ಹೊರತು ಹಿಂದಿನವನಿಗೆ ಕಾಣದು. ನಮ್ಮ 1988ರ ಮೋಟಾರು ವಾಹನ ಕಾಯಿದೆಯ 120ನೆಯ ಕಲಮು ಇದನ್ನೇ ಹೇಳುತ್ತದೆ. ಎಡ ಸ್ಟೇರಿಂಗಿನ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸಬೇಕಾದರೆ ಅದರಲ್ಲಿ ಯಂತ್ರದಿಂದ ಅಥವಾ ವಿದ್ಯುತ್ತಿನಿಂದ ಸೂಚನೆ ಕೊಡುವ ಸಾಧನ ಕೆಲಸ ಮಾಡುವ ಸ್ಥಿತಿಯಲ್ಲಿರಬೇಕು. ಪರದೇಶದ ರಸ್ತೆಗೆಂದು ಮಾಡಿದ ಗಾಡಿಗಾಗಿ ನಮ್ಮ ಕಾನೂನಿನಲ್ಲಿ ಒಂದು ಕಲಮೇ ಮೀಸಲಾಯಿತು.

ಘಾಟ್ ರಸ್ತೆಯಲ್ಲಿ ಎಡ ಸ್ಟೇರಿಂಗಿನಿಂದ ಒಂದು ಅನುಕೂಲವೂ ಇತ್ತು, ಒಂದು ಅಪಾಯವೂ ಇತ್ತು. ಚಾಲಕ ರಸ್ತೆಯ ಅಂಚಿನ ಬದಿಯಲ್ಲೇ ಕುಳಿತಿರುವುದರಿಂದ ಚಕ್ರ ಪ್ರಪಾತಕ್ಕೆ ಎಷ್ಟು ಹತ್ತಿರವಿದೆ ಎಂಬುದು ಅವನಿಗೆ ಚೆನ್ನಾಗಿ ಕಾಣುತ್ತಿತ್ತು. ಎದುರು ಗಾಡಿಗೆ ದಾರಿ ಬಿಡುವಾಗ ಇದು ದೊಡ್ಡ ಸಹಾಯ. ಆದರೆ ಮುಂದಿನ ಲಾರಿಯನ್ನು ದಾಟಬೇಕಾದಾಗ ಎದುರಿನ ರಸ್ತೆ ಅವನಿಗೆ ಕಾಣುತ್ತಿರಲಿಲ್ಲ. ಗಾಡಿಯ ಅರ್ಧಭಾಗ ಬಲಕ್ಕೆ ಹೊರಬಂದ ಮೇಲೆಯೇ ಎದುರು ಬರುವ ಬಸ್ಸು ಕಾಣಿಸುವುದು. ಇಂಥ ವೇಳೆಯಲ್ಲಿ ಬಲಗಡೆ ಕುಳಿತ ಕ್ಲೀನರ್ ಹುಡುಗನ ಕಣ್ಣೇ ಚಾಲಕನ ಕಣ್ಣು.

ಸ್ಟೇರಿಂಗು ಕಣ್ಣಿಗೆ ಕಾಣುವ ವ್ಯತ್ಯಾಸ. ಕಾಣದ ವ್ಯತ್ಯಾಸಗಳೂ ಇವೆ. ಹೆಡ್‌ಲೈಟನ್ನೇ ನೋಡಿ. ಬೆಳಕನ್ನು 'ಡಿಮ್' ಮಾಡಿದಾಗ ಅದು ಎರಡೂ ಬದಿಗೆ ಸಮನಾಗಿ ಬೀಳುವುದಿಲ್ಲ. ಎಡಬದಿಯ ದೇಶಕ್ಕಾಗಿ ಮಾಡಿದ ದೀಪದಲ್ಲಿ ಎಡಗಡೆಯ ಬೆಳಕು ಸ್ವಲ್ಪ ಮೇಲಕ್ಕೆದ್ದು ರಸ್ತೆಯಂಚಿನಲ್ಲಿ ನಡೆಯುವವರನ್ನು ತೋರಿಸುತ್ತದೆ. ಬಲಗಡೆಯ ಬೆಳಕು ತಗ್ಗಿದ್ದು ಎದುರಿನವನ ಕಣ್ಣು ಕುಕ್ಕದಂತೆ ಕಾಪಾಡುತ್ತದೆ. ಬಲಬದಿಯ ದೇಶದ ದೀಪದಲ್ಲಿ ಇದು ತಿರುಗುಮುರುಗು. ಆ ದೀಪದೊಂದಿಗೆ ಗಾಡಿ ಇಲ್ಲಿಗೆ ಬಂದರೆ ಎದುರಿನಿಂದ ಬರುವವನ ಕಣ್ಣಿಗೆ ನೇರವಾಗಿ ಬೆಳಕು ಹೊಡೆಯುತ್ತದೆ. ಇದಲ್ಲದೆ ಅಮೆರಿಕ ಮತ್ತು ಬ್ರಿಟನ್ನಿನ ಗಾಡಿಗಳು ವೇಗವನ್ನು ಮೈಲಿಯಲ್ಲಿ ತೋರಿಸುತ್ತವೆ. ನಮ್ಮ ರಸ್ತೆಯ ಫಲಕಗಳು ಕಿಲೋಮೀಟರಿನಲ್ಲಿವೆ. ನಮ್ಮ ಬಿಸಿಲಿಗೆ ರೇಡಿಯೇಟರ್ ದೊಡ್ಡದಿರಬೇಕು, ನಮ್ಮ ಹಳ್ಳಕೊಳ್ಳಗಳಿಗೆ ಗಾಡಿಯ ಅಡಿಭಾಗ ಎತ್ತರದಲ್ಲಿರಬೇಕು.

ಗಾಡಿಯನ್ನು ಬದಲಿಸುವುದು ಕಷ್ಟ. ರಸ್ತೆಯ ನಿಯಮವನ್ನೇ ಬದಲಿಸಿದರೆ ಏನಾದೀತು? ಸ್ವೀಡನ್ ದೇಶ 1967ರ ಸೆಪ್ಟೆಂಬರ್ 3ರಂದು ಒಂದೇ ದಿನದಲ್ಲಿ ಎಡಬದಿಯಿಂದ ಬಲಬದಿಗೆ ಬದಲಾಯಿತು. ಅಲ್ಲಿನ ಜನರ ಹೆಚ್ಚಿನ ಕಾರುಗಳಲ್ಲಿ ಮೊದಲೇ ಎಡ ಸ್ಟೇರಿಂಗು ಇದ್ದುದರಿಂದ ಅದು ಸುಸೂತ್ರವಾಯಿತು. ಬರ್ಮಾ ದೇಶವೂ 1970ರಲ್ಲಿ ಬಲಬದಿಗೆ ಹೋಯಿತು. ಆದರೆ ಅಲ್ಲಿ ಬಲ ಸ್ಟೇರಿಂಗಿನ ಹಳೆಯ ಗಾಡಿಗಳು ಹಾಗೆಯೇ ಉಳಿದವು, ಮುಂದೆಯೂ ಜಪಾನಿನಿಂದ ಬಲ ಸ್ಟೇರಿಂಗಿನ ಹಳೆಯ ಕಾರುಗಳೇ ಬಹಳವಾಗಿ ಬಂದವು. ನಮ್ಮ ಜೀಪಿನವನ ಕಷ್ಟವನ್ನೇ ಅವರು ದೇಶದಾದ್ಯಂತ ಅನುಭವಿಸಿದರು.

ಇನ್ನು ವಿದೇಶದ ಕಾರನ್ನು ಆಮದು ಮಾಡಿಕೊಳ್ಳುವ ವಿಚಾರಕ್ಕೆ ಬರೋಣ. ಸ್ವಾತಂತ್ರ್ಯಾನಂತರ ಬಹುಕಾಲ ನಮ್ಮ ದೇಶದಲ್ಲಿ ವಿದೇಶಿ ವಿನಿಮಯದ ಅಭಾವವಿತ್ತು. ಆಹಾರಧಾನ್ಯ, ಎಣ್ಣೆ, ಯಂತ್ರಗಳಿಗೆ ಡಾಲರು ಬೇಕಾಗಿದ್ದಾಗ ಕಾರಿಗೆ ಡಾಲರು ಕೊಡಲು ಸರ್ಕಾರ ಒಪ್ಪಲಿಲ್ಲ. ಲೈಸೆನ್ಸ್ ಇಲ್ಲದೆ ಕಾರು ತರಿಸುವಂತಿರಲಿಲ್ಲ. ವರ್ಷಗಟ್ಟಲೆ ಹೊರದೇಶದಲ್ಲಿದ್ದು ಕಾಯಮ್ಮಾಗಿ ಊರಿಗೆ ಮರಳುವವರಿಗೆ ತಮ್ಮ ಕಾರನ್ನು ಷರತ್ತುಗಳೊಂದಿಗೆ ತರುವ ಅವಕಾಶವಿತ್ತು. ಅದಕ್ಕೂ ಭಾರಿ ಸುಂಕ ಕಟ್ಟಬೇಕಾಗಿತ್ತು.

2001ರಲ್ಲಿ ಆಮದಿನ ಮೇಲಿನ ನಿರ್ಬಂಧಗಳನ್ನು ತೆಗೆದಾಗ ಹಳೆಯ ವಿದೇಶಿ ಕಾರುಗಳು ಅಗ್ಗವಾಗಿ ಬಂದು ಬೀಳುತ್ತವೆಂದು ಹಲವರು ನಿರೀಕ್ಷಿಸಿದರು. ಹಾಗಾಗಲಿಲ್ಲ. ಸರ್ಕಾರ ಷರತ್ತುಗಳನ್ನು ಹಾಕಿತು. ಬಳಸಿದ ಕಾರು ತಯಾರಾಗಿ ಮೂರು ವರ್ಷ ಮೀರಿರಬಾರದು. ಸ್ಟೇರಿಂಗು ಬಲಕ್ಕಿರಬೇಕು. ವೇಗವನ್ನು ಕಿಲೋಮೀಟರಿನಲ್ಲಿ ತೋರಿಸಬೇಕು. ಹೆಡ್‌ಲೈಟು ಎಡಬದಿಯ ಸಂಚಾರಕ್ಕೆ ತಕ್ಕುದಾಗಿರಬೇಕು. ಮುಂಬಯಿ ಬಂದರಿನಲ್ಲಿಯೇ ಇಳಿಯಬೇಕು. ನಮ್ಮ ಮಲೆಯ ಜೀಪು ಅರ್ಧ ಶತಮಾನ ಕಲಿಸಿದ ಪಾಠವನ್ನೇ ಕಾನೂನು ಮಾಡಿದಂತಿದೆ ಈ ಪಟ್ಟಿ. ಇದರೊಂದಿಗೆ ಸುಂಕವೂ ಸೇರಿದಾಗ ಸಾಮಾನ್ಯರು ಆ ದಾರಿಯನ್ನೇ ಬಿಟ್ಟರು.

ಪಕ್ಕದ ಶ್ರೀಲಂಕಾ ಬೇರೆ ದಾರಿ ಹಿಡಿಯಿತು. ಜಪಾನಿನಲ್ಲಿ ಕಾರು ಹಳತಾದಂತೆ ತಪಾಸಣೆಯ ಖರ್ಚು ಹೆಚ್ಚುತ್ತದೆ, ಆದ್ದರಿಂದ ಜನ ಚೆನ್ನಾಗಿರುವ ಕಾರುಗಳನ್ನೇ ಮಾರಿಬಿಡುತ್ತಾರೆ. ಜಪಾನಿನಲ್ಲೂ ಎಡಬದಿಯ ಸಂಚಾರವಾದ್ದರಿಂದ ಆ ಕಾರುಗಳು ಶ್ರೀಲಂಕಾಕ್ಕೆ ಸರಿಹೊಂದುತ್ತವೆ. ಜನರಿಗೆ ಒಳ್ಳೆಯ ಗಾಡಿ ಸಿಕ್ಕಿತು. ಆದರೆ ಪ್ರತಿ ಕಾರಿನೊಂದಿಗೆ ವಿದೇಶಿ ವಿನಿಮಯ ಹೊರಗೆ ಹೋಯಿತು. 2020ರ ಮಾರ್ಚಿಯಲ್ಲಿ ಆ ದೇಶ ವಾಹನ ಆಮದನ್ನೇ ನಿಲ್ಲಿಸಬೇಕಾಯಿತು. ಖಾಸಗಿ ಕಾರುಗಳಿಗೆ ಮತ್ತೆ ಬಾಗಿಲು ತೆರೆದದ್ದು 2025ರ ಫೆಬ್ರವರಿಯಲ್ಲಿ. ಬ್ಯಾಂಕಿನ ಲೆಕ್ಕ ಬರೆದ ನನ್ನಂಥವನಿಗೆ ಇದು ಅರ್ಥವಾಗುವ ಸಂಗತಿ. ರೊಕ್ಕ ಕೊಟ್ಟವನು ಕಾರಿನ ಯಜಮಾನನಾದರೂ ಡಾಲರು ಕೊಡುವುದು ಇಡೀ ದೇಶ.

ದೇಶದ ಗಡಿಯ ಮಾತು ಹಾಗಿರಲಿ. ಗಡಿಯ ಹಳ್ಳಿಯವರಾದ ನಮಗೆ ಕುಮಳಿಯ ಗಡಿಯೂ ಗಡಿಯೇ. 1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತಗಳಾದಾಗ ಪೀರುಮೇಡು, ದೇವಿಕುಳಂ ತಾಲೂಕುಗಳು ಕೇರಳಕ್ಕೆ ಸೇರಿದವು. ಕೂಲಿಯಾಳು ಈಚೆಗೆ, ತೋಟ ಆಚೆಗೆ. ತಮಿಳುನಾಡಿನ ನಂಬರಿನ ಗಾಡಿಯನ್ನು ಕೇರಳದಲ್ಲೋ ಕರ್ನಾಟಕದಲ್ಲೋ ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡರೆ ಕಾಯಿದೆಯ 47ನೆಯ ಕಲಮಿನಂತೆ ಅಲ್ಲಿನ ಹೊಸ ನಂಬರು ಪಡೆಯಬೇಕು. ಅದಕ್ಕೆ ಇಲ್ಲಿನ ಆರ್.ಟಿ.ಓ. ಕಚೇರಿಯ ಎನ್.ಓ.ಸಿ. ಬೇಕು, ಸಾಲವಿದ್ದರೆ ಸಾಲ ಕೊಟ್ಟವರ ಒಪ್ಪಿಗೆಯೂ ಬೇಕು. ಬೆಂಗಳೂರಿನಲ್ಲಿ ದುಡಿಯುವ ಮಕ್ಕಳಿಗೆ ಊರಿನ ಗಾಡಿ ಕಳುಹಿಸುವವರು ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಈಗ ಮುಖ್ಯವಾದ ಸಂಗತಿಗೆ ಬರುತ್ತೇನೆ. ಪೂರ್ಣ ಗಾಡಿಯನ್ನು ತರಲಾಗದಿದ್ದಾಗ ನಮ್ಮ ಕಂಪನಿಗಳು ವಿದೇಶದ ಮಾದರಿಯನ್ನು ತಂದು ಇಲ್ಲಿ ತಯಾರಿಸಿದವು. ಹೊರಗಿನ ರೂಪ ಅಲ್ಲಿಯದು, ಒಳಗಿನ ಹೂರಣ ಬೇರೆಯದು. ಮದರಾಸಿನ ಸ್ಟ್ಯಾಂಡರ್ಡ್ ಕಂಪನಿ 1985ರಲ್ಲಿ ಹೊರತಂದ ಸ್ಟ್ಯಾಂಡರ್ಡ್ 2000 ಕಾರು ಇದಕ್ಕೆ ಉದಾಹರಣೆ. ಅದರ ದೇಹ ಬ್ರಿಟನ್ನಿನ ರೋವರ್ ಎಸ್‌ಡಿ1 ಎಂಬ ಪ್ರಸಿದ್ಧ ಕಾರಿನದು. ಬ್ರಿಟನ್ನಿನಲ್ಲಿ ಅದಕ್ಕೆ ಎಂಟು ಸಿಲಿಂಡರಿನ ಬಲಿಷ್ಠ ಎಂಜಿನ್ ದೊರೆಯುತ್ತಿತ್ತು. ಇಲ್ಲಿ ಅದಕ್ಕೆ ಜೋಡಿಸಿದ್ದು ವ್ಯಾನ್‌ಗಾರ್ಡ್ ಕಾಲದ ಹಳೆಯ ನಾಲ್ಕು ಸಿಲಿಂಡರಿನ ಎಂಜಿನ್. ದುಬಾರಿ ಬೆಲೆ ಕೊಟ್ಟವರಿಗೆ ಓಟವೂ ಇಲ್ಲ, ಉಳಿತಾಯವೂ ಇಲ್ಲ. ಮೂರು ವರ್ಷದಲ್ಲಿ ಅದರ ಕಥೆ ಮುಗಿಯಿತು.

1983ರಲ್ಲಿ ಬಂದ ರಾಜದೂತ್ 350 ಮೋಟಾರ್ ಸೈಕಲ್ಲೂ ಹೀಗೆಯೇ. ಅದು ಜಪಾನಿನ ಯಮಹಾ ಆರ್‌ಡಿ 350. ಮೂಲದಲ್ಲಿ 39 ಅಶ್ವಶಕ್ತಿ ಇದ್ದದ್ದನ್ನು ಪೆಟ್ರೋಲಿನ ಉಳಿತಾಯಕ್ಕೆಂದು ಇಲ್ಲಿ ಸುಮಾರು 30ಕ್ಕೆ, ಇನ್ನೊಂದು ಮಾದರಿಯಲ್ಲಿ 27ಕ್ಕೆ ಇಳಿಸಿದರು. ಮುಂದಿನ ಚಕ್ರದ ಡಿಸ್ಕ್ ಬ್ರೇಕನ್ನು ತೆಗೆದು ಡ್ರಮ್ ಬ್ರೇಕ್ ಹಾಕಿದರು. ಶಕ್ತಿ ಕಡಿಮೆ ಮಾಡಿದ್ದನ್ನು ಒಪ್ಪಬಹುದು. ಬ್ರೇಕನ್ನು ಅಗ್ಗಮಾಡಿದ್ದನ್ನು ಹೇಗೆ ಒಪ್ಪುವುದು?

ಬದಲಾವಣೆಯೆಲ್ಲ ಕೆಟ್ಟದ್ದೆಂದು ನನ್ನ ಅಭಿಪ್ರಾಯವಲ್ಲ. ಕರ್ನಾಟಕದ ಬಿಡದಿಯಲ್ಲಿ ಟೊಯೋಟ ಕಂಪನಿ ತನ್ನ ಮೊದಲ ಗಾಡಿಯನ್ನು 2000ದಲ್ಲಿ ಹೊರತಂದಾಗ ಜಪಾನಿನ ಮಾದರಿಯನ್ನು ಆರಿಸಲಿಲ್ಲ. ಇಂಡೋನೇಷ್ಯಾದಲ್ಲಿ ಹಳ್ಳಿ ಪಟ್ಟಣಗಳೆರಡರಲ್ಲೂ ಪಳಗಿದ್ದ ಕಿಜಾಂಗ್ ಗಾಡಿಯನ್ನು ಕ್ವಾಲಿಸ್ ಎಂಬ ಹೆಸರಿನಲ್ಲಿ ತಂದಿತು. ಅಲ್ಲಿಯೂ ಎಡಬದಿಯ ಸಂಚಾರ, ಬಿಸಿಲು, ದೊಡ್ಡ ಕುಟುಂಬ. ನಮಗೆ ಅದು ಒಗ್ಗಿತು. ನಮ್ಮ ಜೀಪಿನಲ್ಲಿಯೂ ಅಮೆರಿಕದ ಪೆಟ್ರೋಲ್ ಎಂಜಿನ್ ಹೋಗಿ ಡೀಸೆಲ್ ಎಂಜಿನ್ ಬಂತು, ಸ್ಟೇರಿಂಗು ಬಲಕ್ಕೆ ಬಂತು. ಆದ್ದರಿಂದಲೇ ಅದು ಬಡವನ ಗಾಡಿಯಾಯಿತು. ನಾಡಿಗೆ ಒಗ್ಗಿಸಿಕೊಳ್ಳುವುದು ಬೇರೆ, ನಾಡಿನವರಿಗೆ ಇಷ್ಟೇ ಸಾಕೆಂದು ಕಡಿತ ಮಾಡುವುದು ಬೇರೆ.

ಈ ಭೇದ 2014ರಲ್ಲಿ ಎಲ್ಲರಿಗೂ ಕಾಣುವಂತಾಯಿತು. ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆ ಆ ವರ್ಷದ ಜನವರಿಯಲ್ಲಿ ಭಾರತದಲ್ಲಿ ಮಾರುವ ಐದು ಸಣ್ಣ ಕಾರುಗಳನ್ನು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಅಡ್ಡಗಟ್ಟೆಗೆ ಡಿಕ್ಕಿ ಹೊಡೆಸಿ ಪರೀಕ್ಷಿಸಿತು. ಮಾರುತಿ ಆಲ್ಟೊ 800, ಟಾಟಾ ನ್ಯಾನೊ, ಫೋರ್ಡ್ ಫಿಗೊ, ಹ್ಯುಂಡೈ ಐ10, ಫೋಕ್ಸ್‌ವ್ಯಾಗನ್ ಪೋಲೊ. ದೊಡ್ಡವರ ರಕ್ಷಣೆಯಲ್ಲಿ ಐದಕ್ಕೂ ಸಿಕ್ಕ ನಕ್ಷತ್ರ ಸೊನ್ನೆ. ಪರೀಕ್ಷಿಸಿದ್ದು ಏರ್‌ಬ್ಯಾಗ್ ಇಲ್ಲದ, ಕಡಿಮೆ ಬೆಲೆಯ ಮಾದರಿಗಳನ್ನು. ಎರಡು ಏರ್‌ಬ್ಯಾಗ್ ಹಾಕಿದ ಪೋಲೊವನ್ನು ಪರೀಕ್ಷಿಸಿದಾಗ ನಾಲ್ಕು ನಕ್ಷತ್ರ ಬಂತು. ಅದೇ ಹೆಸರು, ಅದೇ ಆಕಾರ. ವ್ಯತ್ಯಾಸ ಇದ್ದದ್ದು ಯಾರಿಗೆ ಮಾರುತ್ತಿದ್ದೇವೆ ಎಂಬುದರಲ್ಲಿ. ಆ ಕಂಪನಿ ಏರ್‌ಬ್ಯಾಗ್ ಇಲ್ಲದ ಮಾದರಿಯನ್ನು ಮಾರುಕಟ್ಟೆಯಿಂದ ಹಿಂತೆಗೆಯಿತು.

ಆಮೇಲೆ ನಮ್ಮ ಕಾನೂನೂ ಬಿಗಿಯಾಯಿತು. 2019ರ ಜುಲೈ 1ರಿಂದ ಚಾಲಕನ ಎದುರು ಏರ್‌ಬ್ಯಾಗ್ ಕಡ್ಡಾಯವಾಯಿತು. 2021ರಲ್ಲಿ ಪಕ್ಕದಲ್ಲಿ ಕುಳಿತವರಿಗೂ ಆ ರಕ್ಷಣೆ ಬಂತು. 2023ರ ಅಕ್ಟೋಬರ್ 1ರಿಂದ ಭಾರತ್ ಎನ್‌ಕ್ಯಾಪ್ ಎಂಬ ನಮ್ಮದೇ ನಕ್ಷತ್ರ ಪರೀಕ್ಷೆ ಶುರುವಾಯಿತು. ಇವೆಲ್ಲ ಕಾರಿನಲ್ಲಿ ಹೋಗುವವರಿಗೆ ಬಂದ ಭಾಗ್ಯ. ಹಳೆಯ ಜೀಪಿನ ಹಿಂದಿನ ಹಲಗೆಯ ಮೇಲೆ ಎದುರುಬದುರಾಗಿ ಕುಳಿತು ಮಲೆ ಹತ್ತುವ ಹೆಣ್ಣುಮಕ್ಕಳಿಗೆ ಯಾವ ನಕ್ಷತ್ರವೂ ಇಲ್ಲ, ಹಿಡಿದುಕೊಳ್ಳಲು ಮೇಲಿನ ಕಂಬಿಯೊಂದೇ ಇದೆ. ಯುದ್ಧಭೂಮಿಯಲ್ಲಿ ನಾಲ್ಕಾರು ಸೈನಿಕರಿಗೆಂದು ಹುಟ್ಟಿದ ಗಾಡಿಯ ಸಂತತಿಯಲ್ಲಿ ನಾವು ಒಂದು ಓಣಿಯ ಜನರನ್ನೇ ತುಂಬುತ್ತೇವೆ. ಇಲ್ಲಿ ಕಂಪನಿಯನ್ನೋ ಪರದೇಶವನ್ನೋ ದೂರಿ ಫಲವಿಲ್ಲ. ಎಷ್ಟು ಜನ ಹತ್ತಬೇಕು ಎಂಬುದನ್ನು ತೀರ್ಮಾನಿಸುವವರು ತೋಟದವರು, ಜೀಪಿನವರು ಮತ್ತು ನಾವು.

ಕೊನೆಯದಾಗಿ ಗಡಿಯಾಚೆಗೆ ಹೋದ ಗಾಡಿಗಳ ಮಾತು. ಬ್ರಿಟನ್ನಿನ ಎನ್‌ಫೀಲ್ಡ್ ಬುಲೆಟ್ 1955ರಿಂದ ಮದರಾಸಿನಲ್ಲಿ ತಯಾರಾಗತೊಡಗಿತು. ತವರಿನ ಕಂಪನಿ 1970ರ ವೇಳೆಗೆ ಮುಚ್ಚಿಹೋಯಿತು. 1977ರಲ್ಲಿ ಮದರಾಸಿನ ಬುಲೆಟ್ ಬ್ರಿಟನ್ನಿಗೇ ರಫ್ತಾಗತೊಡಗಿತು. ನಮ್ಮ ಬುಲೆಟ್ಟಿನಲ್ಲಿ ಗೇರು ಬಲಗಾಲಿಗೆ ಇದ್ದ ಕಾಲದಲ್ಲಿ ಅಮೆರಿಕಕ್ಕೆ ಹೋಗುವ ಬುಲೆಟ್ಟಿಗೆ ಅಲ್ಲಿನ ನಿಯಮದಂತೆ ಗೇರನ್ನು ಎಡಗಾಲಿಗೆ ತಿರುಗಿಸಬೇಕಾಯಿತು.

ಜೀಪಿನ ಮರುಪ್ರಯಾಣ ಇನ್ನೂ ಸ್ವಾರಸ್ಯ. ಮಹೀಂದ್ರ ಕಂಪನಿ 2018ರಲ್ಲಿ ತನ್ನ ಹಳೆಯ ಜೀಪಿನ ವಂಶದ ಒಂದು ಗಾಡಿಯನ್ನು ರಾಕ್ಸರ್ ಎಂಬ ಹೆಸರಿನಲ್ಲಿ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಜೋಡಿಸಿ ಮಾರತೊಡಗಿತು. ಸ್ಟೇರಿಂಗು ಮತ್ತೆ ಎಡಕ್ಕೆ ಹೋಯಿತು. ಆದರೆ ಇಲ್ಲಿ ಊರೂರಿಗೆ ಜನರನ್ನು ಹೊರುವ ಆ ಗಾಡಿಗೆ ಅಲ್ಲಿನ ಸುರಕ್ಷತಾ ನಿಯಮದಂತೆ ಹೆದ್ದಾರಿಗೆ ಪ್ರವೇಶವಿಲ್ಲ. ಹೊಲ, ತೋಟ, ಕಾಡುದಾರಿಗೆ ಮಾತ್ರ ಎಂದು ಅದನ್ನು ಮಾರಿದರು. ಆರಂಭದಲ್ಲಿ ವೇಗವನ್ನು ಗಂಟೆಗೆ ಸುಮಾರು 72 ಕಿಲೋಮೀಟರಿಗೆ ಕಟ್ಟಿಹಾಕಿದ್ದರು. ಜೀಪ್ ಹೆಸರಿನ ಒಡೆತನ ಪಡೆದಿದ್ದ ಅಮೆರಿಕದ ಕಂಪನಿ ಅದರ ಆಕಾರ ತನ್ನದೆಂದು ತಕರಾರು ತೆಗೆಯಿತು. 2020ರಲ್ಲಿ ಅಲ್ಲಿನ ವ್ಯಾಪಾರ ಆಯೋಗ ಆ ತಕರಾರನ್ನು ಒಪ್ಪಿತು. ಮಹೀಂದ್ರದವರು ಗಾಡಿಯ ಮುಖವನ್ನೇ ಬದಲಿಸಿದರು. ತವರಿಗೆ ಹೋದ ಮಗಳನ್ನು ಬಾಗಿಲಲ್ಲಿ ನಿಲ್ಲಿಸಿ ಗುರುತು ಕೇಳಿದ ಹಾಗಾಯಿತು.

ಅಮೆರಿಕದ ಇನ್ನೊಂದು ನಿಯಮವೂ ಉಂಟು. ಅಲ್ಲಿನ ಮಟ್ಟಕ್ಕೆ ಮಾಡದ ಪರದೇಶದ ಗಾಡಿಯನ್ನು ಒಯ್ಯಬೇಕಾದರೆ ಅದಕ್ಕೆ ಕನಿಷ್ಠ 25 ವರ್ಷ ವಯಸ್ಸಾಗಿರಬೇಕು. ಅಲ್ಲಿ ನೆಲೆಸಿದ ನಮ್ಮವರು ಅಪ್ಪನ ಅಂಬಾಸಿಡರ್ ಕಾರನ್ನು ಒಯ್ಯಬಯಸಿದರೆ ಈ ದಾರಿಯಲ್ಲೇ ಒಯ್ಯಬೇಕು. ತಮ್ಮ ಜನರ ಪ್ರಾಣಕ್ಕೆ ಒಂದು ಬೆಲೆ ಕಟ್ಟಿ, ಅದಕ್ಕೆ ತಕ್ಕ ಬೇಲಿ ಹಾಕಿಕೊಂಡ ದೇಶಗಳು ಹೀಗೆ ನಡೆದುಕೊಳ್ಳುತ್ತವೆ.

ಕೇಳುಗರೇ, ಗಾಡಿಯೆಂಬುದು ಬರೀ ಕಬ್ಬಿಣವಲ್ಲ. ಯಾವ ನಾಡಿಗೆಂದು ಮಾಡಿದರೋ ಆ ನಾಡಿನ ರಸ್ತೆ, ಕಾನೂನು, ಜೇಬು ಎಲ್ಲವೂ ಅದರೊಳಗಿರುತ್ತವೆ. ಹೊಸ ಗಾಡಿ ಕೊಳ್ಳುವಾಗ ಬಾನೆಟ್ಟಿನ ಮೇಲಿನ ವಿದೇಶದ ಹೆಸರು ನೋಡಿ ಮರುಳಾಗದೆ ಕೆಲವು ಪ್ರಶ್ನೆಗಳನ್ನು ಕೇಳಿ. ಇದೇ ಹೆಸರಿನ ಗಾಡಿಯಲ್ಲಿ ಹೊರದೇಶದವರಿಗೆ ಏನೇನು ಕೊಡುತ್ತಾರೆ? ಅದರಲ್ಲಿ ನಮಗೆ ಏನನ್ನು ಬಿಟ್ಟಿದ್ದಾರೆ? ಬ್ರೇಕು, ಬೆಲ್ಟು, ಏರ್‌ಬ್ಯಾಗು ಎಲ್ಲ ಸೀಟಿಗೂ ಉಂಟೇ? ಹಾಗೆಯೇ ಬೆಳಗಿನ ಜೀಪಿಗೆ ಮನೆಯ ಹೆಣ್ಣುಮಕ್ಕಳನ್ನು ಹತ್ತಿಸುವಾಗ ಒಳಗೆ ಎಷ್ಟು ತಲೆ ಇವೆ ಎಂದು ಒಮ್ಮೆ ಎಣಿಸಿ. ಹೆಚ್ಚಾಗಿದ್ದರೆ ಅವರನ್ನು ಇಳಿಸಿಕೊಂಡು ಮುಂದಿನ ಜೀಪಿಗೆ ಕಾಯಿರಿ. ಒಂದು ದಿನದ ಕೂಲಿ ತಡವಾದರೂ ಚಿಂತೆಯಿಲ್ಲ.